ಸರ್ಜರಿ ಜರ್ನಲ್‌ನಲ್ಲಿ ಒಳಗೊಳ್ಳುವಿಕೆಯ ಸಂಪಾದಕರ ಕೆಲಸ: ಶಿರಸಿಯಿಂದ ಮಾಡುವ ಬಗೆ

ಜರ್ನಲ್‌ಗೆ ಬಂದ ಲೇಖನಗಳಲ್ಲಿ ಯಾರನ್ನು ಸೇರಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ನೋಡಿ ಟಿಪ್ಪಣಿ ಬರೆಯುವವರು ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಸಂಪಾದಕರು. ಈ ಹುದ್ದೆಗೆ ಸಂಬಳ ಇರುವುದು ಅಪರೂಪ. ಶಿರಸಿಯಲ್ಲಿ ಕೂತೇ ಮಾಡಬಹುದಾದ ಕೆಲಸ. ಒಪ್ಪುವ ಮೊದಲು ಮೂರು ವಿಷಯ ಬರಹದಲ್ಲಿ ತೆಗೆದುಕೊಳ್ಳಿ: ಅವಧಿ ಎಷ್ಟು ವರ್ಷ, ತಿಂಗಳಿಗೆ ಎಷ್ಟು ಲೇಖನ, ನಮ್ಮ ಟಿಪ್ಪಣಿ ಲೇಖಕರ ಕೈಗೆ ತಲುಪುತ್ತದೆಯೋ ಪ್ರಧಾನ ಸಂಪಾದಕರ ಮೇಜಿನಲ್ಲೇ ಉಳಿಯುತ್ತದೆಯೋ. ಮೂರನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಅದು ನಾಮಕಾವಾಸ್ತೆ ಹುದ್ದೆ.

ಸಂಪಾದಕ ಮಂಡಳಿಯಲ್ಲಿ ಮಹಿಳೆಯರೆಷ್ಟು ಎಂದು ಎಣಿಸುವುದೇ ಈ ಕೆಲಸ ಎಂದು ಹಲವರು ತಿಳಿದಿದ್ದಾರೆ. ಎಣಿಸಬೇಕು, ನಿಜ, ಅದೂ ಹೆಸರು ನೋಡಿ ಊಹಿಸಿ ಅಲ್ಲ, ಅವರನ್ನೇ ಕೇಳಿ. ಆದರೆ ಬಹುಪಾಲು ಸಮಯ ಹೋಗಬೇಕಾದದ್ದು ಅಧ್ಯಯನದಿಂದ ಯಾರು ಹೊರಗುಳಿದರು ಎಂದು ಹುಡುಕುವುದರಲ್ಲಿ. ಹಾಗಾಗಿ ಲೇಖನದ ಸಾರಾಂಶವನ್ನು ನಾನು ಕೊನೆಗೆ ಓದುತ್ತೇನೆ. ಮೊದಲು ವಿಧಾನದ ಭಾಗ, ಆಮೇಲೆ ರೋಗಿಗಳ ವಿವರದ ಮೊದಲ ಟೇಬಲ್.

‘ಫಾಲೋ ಅಪ್‌ಗೆ ಬಾರದವರನ್ನು ಕೈಬಿಡಲಾಗಿದೆ’ ಎಂಬ ಸಾಲು ಕಂಡಲ್ಲಿ ನಿಲ್ಲಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ದೋಣಿಯಲ್ಲಿ ದುಡಿಯುವವರಿಗೆ ಹರ್ನಿಯಾ ಆಪರೇಷನ್‌ಗೆ ಬಿಡುವು ಸಿಗುವುದು ಆಗಲೇ. ಮೂರು ತಿಂಗಳ ತಪಾಸಣೆ ಬರುವ ಹೊತ್ತಿಗೆ ಅವರು ಸಮುದ್ರದಲ್ಲಿರುತ್ತಾರೆ. ಭಾರ ಎಳೆಯುವ ಕೆಲಸಕ್ಕೆ ಮರಳಿದವರೇ ಲೆಕ್ಕದಿಂದ ತಪ್ಪಿಹೋದರೆ, ಹರ್ನಿಯಾ ಮರುಕಳಿಸಿದ ಪ್ರಮಾಣ ಎಂದು ಲೇಖನ ಕೊಡುವ ಅಂಕಿಯನ್ನು ನಂಬುವುದು ಹೇಗೆ? ಜೊಯಿಡಾದ ಒಳಹಳ್ಳಿಯಿಂದ ಮಳೆಗಾಲದಲ್ಲಿ ಬರಬೇಕಾದವರದೂ ಇದೇ ಕಥೆ. ಅದಕ್ಕೇ ಲೇಖಕರಿಂದ ಒಂದು ಟೇಬಲ್ ಕೇಳುತ್ತೇನೆ: ಉಳಿದವರು ಮತ್ತು ತಪ್ಪಿಹೋದವರು ಅಕ್ಕಪಕ್ಕದ ಕಾಲಮ್ಮಿನಲ್ಲಿ, ವಯಸ್ಸು, ಲಿಂಗ, ಉದ್ಯೋಗ, ಆಸ್ಪತ್ರೆಗೆ ಎಷ್ಟು ಕಿಲೋಮೀಟರ್, ಖರ್ಚು ಯಾರು ಕೊಟ್ಟರು. ಫೋನಿನಲ್ಲಿ ವಿಚಾರಿಸಿದವರು ಎಷ್ಟು ಜನ ಎಂಬುದು ಬೇರೆ ಸಾಲಿನಲ್ಲಿ. ಈ ಮಾಹಿತಿ ಸಾಮಾನ್ಯವಾಗಿ ಕೇಸ್ ಶೀಟಿನಲ್ಲೇ ಇರುತ್ತದೆ, ಬರೆದಿರುವುದಿಲ್ಲ ಅಷ್ಟೆ.

ಭಾಷೆಯ ಕಾರಣಕ್ಕೆ ಬಿಟ್ಟವರೂ ಇರುತ್ತಾರೆ. ಕಾರವಾರದ ಕೊಂಕಣಿಯವರಿಗೆ, ಭಟ್ಕಳದ ನವಾಯತರಿಗೆ ಒಪ್ಪಿಗೆ ಪತ್ರವನ್ನು ಯಾವ ಭಾಷೆಯಲ್ಲಿ, ಯಾರು ಓದಿ ಹೇಳಿದರು ಎಂಬುದು ಒಂದು ವಾಕ್ಯದಲ್ಲಾದರೂ ಇರಬೇಕು.

ಗಂಡು-ಹೆಣ್ಣಿನ ಲೆಕ್ಕಕ್ಕೆ, ಸಂಶೋಧನೆಯಲ್ಲಿ ಲಿಂಗದ ವಿವರ ಹೇಗೆ ಬರೆಯಬೇಕೆಂದು ಹೇಳುವ 2016ರ ‘ಸೇಜರ್’ ಮಾರ್ಗಸೂಚಿ ಸಾಕು. ಇಲ್ಲಿ ಹೊಸಬರು ಎಡವುವುದು ಎಲ್ಲದರಲ್ಲೂ ಗಂಡು-ಹೆಣ್ಣು ಅರ್ಧಕ್ಕರ್ಧ ಇರಲಿ ಎಂದು ಕೇಳುವುದರಿಂದ. ತೊಡೆಸಂದಿನ ಹರ್ನಿಯಾ ಗಂಡಸರಲ್ಲಿ ಬಹಳ ಹೆಚ್ಚು, ಪಿತ್ತಕೋಶದ ಕಲ್ಲು ಹೆಂಗಸರಲ್ಲಿ ಹೆಚ್ಚು. ಅಧ್ಯಯನದಲ್ಲಿರುವ ಪ್ರಮಾಣವನ್ನು ಹೋಲಿಸಬೇಕಾದದ್ದು ಆ ಕಾಯಿಲೆಯ ರೋಗಿಗಳಲ್ಲಿರುವ ಪ್ರಮಾಣಕ್ಕೆ. ಗಂಡಸರ, ಹೆಂಗಸರ ಫಲಿತಾಂಶ ಬೇರೆ ಬೇರೆ ಕೊಡಿ ಎನ್ನಬಹುದು. ಆದರೆ 80 ರೋಗಿಗಳಲ್ಲಿ 6 ಮಹಿಳೆಯರಿದ್ದರೆ ಅವರ ಅಂಕಿ ಹಾಕಿದರೆ ಸಾಕು, ಪಿ-ವ್ಯಾಲ್ಯೂ (ಕಂಡ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ಅಳೆಯಲು ಬಳಸುವ ಅಂಕಿ) ಕೇಳಬಾರದು. ಅಷ್ಟು ಸಣ್ಣ ಗುಂಪಿನಲ್ಲಿ ಅದು ಏನನ್ನೂ ಸಾಬೀತು ಮಾಡುವುದಿಲ್ಲ.

‘ಸೌತ್ ಏಷ್ಯನ್’ ಎಂಬ ಒಂದೇ ಡಬ್ಬಿಯಲ್ಲಿ ಹವ್ಯಕರು, ಹಾಲಕ್ಕಿಗಳು, ಸಿದ್ದಿಗಳು ಎಲ್ಲರನ್ನೂ ತುಂಬುವವರಿಗೆ ಕೇಳಬೇಕಾದ್ದು ಎರಡೇ: ಈ ವರ್ಗೀಕರಣ ಯಾಕೆ ಬೇಕಿತ್ತು, ಯಾರು ನಿರ್ಧರಿಸಿದರು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೂ ಇದನ್ನೇ ಕೇಳುತ್ತದೆ. ಚರ್ಮದ ಬಣ್ಣ ಮುಖ್ಯವಾಗುವ ಕಡೆ ಜಾತಿ-ಜನಾಂಗದ ಹೆಸರಿಗಿಂತ ಬಣ್ಣವನ್ನೇ ದಾಖಲಿಸುವುದು ಲೇಸು. ಪಲ್ಸ್ ಆಕ್ಸಿಮೀಟರ್ ತೋರಿಸದೆ ಬಿಟ್ಟ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪು ವರ್ಣದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ಮಾಹಿತಿಯಿಂದ ಗೊತ್ತಾಯಿತು. ಗಾಯದ ಸೋಂಕನ್ನು ‘ಕೆಂಪಾಗಿದೆ’ ಎಂಬುದೊಂದರಿಂದಲೇ ಗುರುತಿಸಿದ ಅಧ್ಯಯನಕ್ಕೆ ಬಿಸಿ, ಊತ, ಕೀವು ನೋಡಿದಿರಾ ಎಂದು ಕೇಳಲೇಬೇಕು.

ಇದರ ಇನ್ನೊಂದು ಮಗ್ಗುಲು ಗುಟ್ಟು ಕಾಯುವುದು. ‘ಯಲ್ಲಾಪುರ ತಾಲೂಕಿನ 34 ವರ್ಷದ ಸಿದ್ದಿ ಮಹಿಳೆ’ ಎಂದು ಅಚ್ಚಾದರೆ ಊರಿನಲ್ಲಿ ಯಾರೆಂದು ತಿಳಿಯದವರಿಲ್ಲ. ಯಾವುದೇ ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನರಿದ್ದರೆ ಪಕ್ಕದ ಗುಂಪಿಗೆ ಸೇರಿಸಿ ಎಂದು ಬರೆಯುತ್ತೇನೆ.

ಸ್ಟೇಪ್ಲರ್, ಲ್ಯಾಪರೊಸ್ಕೋಪಿ ಉಪಕರಣಗಳ ಅಧ್ಯಯನವಾದರೆ ಸರ್ಜನ್ನರ ಗ್ಲೌಸ್ ಸೈಜ್ ಕೇಳಿ. 7.5ರ ಕೈಗೆ ಸಲೀಸಾದ ಹಿಡಿಕೆ 6ರ ಕೈಗೆ ಎರಡೂ ಕೈ ಬೇಡುತ್ತದೆ.

ಟಿಪ್ಪಣಿಯಲ್ಲಿ ಪುಟ, ಸಾಲಿನ ಸಂಖ್ಯೆ ಹಾಕಿ, ‘ಆಗಲೇಬೇಕು’ ಮತ್ತು ‘ಆದರೆ ಒಳ್ಳೆಯದು’ ಎಂದು ಬೇರ್ಪಡಿಸಿ. ಮೊದಲನೆಯದರಲ್ಲಿ ಮೂರಕ್ಕಿಂತ ಹೆಚ್ಚು ಅಂಶ ಬೇಡ. ಹತ್ತು ಕೇಳಿದರೆ ಸುಲಭವಾದ ಎರಡನ್ನು ಮಾಡಿ ಕಳಿಸುತ್ತಾರೆ. ವಿಮರ್ಶಕರಾಗಿ ಜಿಲ್ಲಾ, ತಾಲೂಕು ಆಸ್ಪತ್ರೆಯ ಸರ್ಜನ್ನರನ್ನು ಕರೆಯುವುದಾದರೆ ಎರಡು ವಾರದ ಬದಲು ನಾಲ್ಕು ವಾರ ಕೊಡಿಸಿ. ಒಬ್ಬರೇ ಡ್ಯೂಟಿಯಲ್ಲಿರುವವರಿಗೆ ಎರಡು ವಾರ ಎಂದರೆ ‘ಆಗುವುದಿಲ್ಲ’ ಎಂದೇ ಉತ್ತರ.

ತಿದ್ದಿದ ಪ್ರತಿ ಬಂದಾಗ ಹಳೆಯ ಟೇಬಲ್ ಹಾಗೇ ಇದ್ದು, ಕೊನೆಯಲ್ಲಿ ‘ಇದು ಈ ಅಧ್ಯಯನದ ಮಿತಿ’ ಎಂಬ ಒಂದು ವಾಕ್ಯ ಮಾತ್ರ ಸೇರಿರುವುದು ಮಾಮೂಲು. ಆಸ್ಪತ್ರೆಯ ರಿಜಿಸ್ಟರಿನಲ್ಲೇ ಇರುವ ಮಾಹಿತಿಗೆ ಆ ವಾಕ್ಯವನ್ನು ಒಪ್ಪಬೇಡಿ. ಟೇಬಲ್ ಬರುವವರೆಗೆ ವಾಪಸ್ ಕಳಿಸಿ.