ಉಪ್ಪೋ ಸಕ್ಕರೆಯೋ: ನಾನು ಕೊಂಗ್‌ಗುಕ್ಸು ಕಲಿತದ್ದು

ದಕ್ಷಿಣ ಕೊರಿಯಾದ ಸುವೊನ್‌ಗೆ ಬಂದ ಮೊದಲ ಬೇಸಿಗೆಯಲ್ಲಿ ಸಸ್ಯಾಹಾರಿಯಾದ ನನಗೆ ಸುತ್ತಲಿನ ನೂಡಲ್ಸ್ ಅಂಗಡಿಗಳು ಇದ್ದೂ ಇಲ್ಲದ ಹಾಗೆ. ಕಲ್‌ಗುಕ್ಸು ಎಂಬ ಬಿಸಿ ನೂಡಲ್ಸ್ ಎಂದರೆ ಸಾರಿನಲ್ಲಿ ಒಣಮೀನು. ನೆಂಗ್‌ಮ್ಯನ್ ಎಂಬ ತಣ್ಣನೆಯ ನೂಡಲ್ಸಿನ ಮೇಲೆ ಐಸ್ ತೇಲುವುದು ನೋಡಿ ಆಸೆಯಾದರೆ, ಅಡಿಯಲ್ಲಿರುವುದು ದನದ ಮಾಂಸ ಕುದಿಸಿದ ರಸ. ಜೂನ್‌ನಲ್ಲಿ ಒಂದು ಅಂಗಡಿಯ ಗಾಜಿಗೆ 'ಕೊಂಗ್‌ಗುಕ್ಸು ಶುರು' ಎಂಬ ಚೀಟಿ ಅಂಟಿತ್ತು. ಕೊಂಗ್ ಎಂದರೆ ಕಾಳು, ಇಲ್ಲಿ ಸೋಯಾ. ಗುಕ್ಸು ಎಂದರೆ ನೂಡಲ್ಸ್. ಬೇಯಿಸಿದ ಸೋಯಾಕಾಳು ರುಬ್ಬಿದ ದಪ್ಪ ಹಾಲು, ಅದರಲ್ಲಿ ಗೋಧಿಯ ಸಣ್ಣ ಎಳೆ, ಮೇಲೆ ಸೌತೆಕಾಯಿ. ಎಲ್ಲವೂ ತಣ್ಣಗೆ. ಅದೇ ವಾರ ಮನೆಯಲ್ಲಿ ಮಾಡಲು ಹೊರಟೆ.

ಮೊದಲ ಸಲ ಕಾಳು ಕುದಿ ಬಂದ ಕೂಡಲೇ ಇಳಿಸಿದೆ. ರುಬ್ಬಿದರೆ ಹಸಿಹುಲ್ಲು ಅರೆದ ಹಾಗೆ ವಾಸನೆ, ಅರ್ಧ ಬಟ್ಟಲೂ ಕುಡಿಯಲಾಗಲಿಲ್ಲ. ಸೋಯಾಕಾಳಿನಲ್ಲಿ ಲಿಪಾಕ್ಸಿಜಿನೇಸ್ ಎಂಬ ಕಿಣ್ವವಿದೆ. ಕಾಳು ಒಡೆದು ನೀರು ಸೇರಿದರೆ ಅದು ಕಾಳಿನ ಎಣ್ಣೆಯ ಅಂಶದ ಮೇಲೆ ಕೆಲಸ ಮಾಡಿ ಆ ಹಸಿವಾಸನೆ ಎಬ್ಬಿಸುತ್ತದೆ. ಅದನ್ನು ಸುಮ್ಮನಾಗಿಸಲು ಬಿಸಿಯೇ ಬೇಕು. ಸರಿ ಎಂದು ಎರಡನೇ ಸಲ ಮುಕ್ಕಾಲು ಗಂಟೆ ಬೇಯಿಸಿದೆ. ಮಹಡಿಯ ಮೇಲಿನ ಮನೆಯೊಡತಿ ಹಲ್ಮೊನಿ (ಅಜ್ಜಿಯನ್ನು ಇಲ್ಲಿ ಹೀಗೇ ಕರೆಯುವುದು) ಒಂದು ಚಮಚ ಬಾಯಿಗಿಟ್ಟು ನಕ್ಕುಬಿಟ್ಟರು. "ಮೇಜು ಮಾಡಿದ್ದೀಯ!" ಮೇಜು ಎಂದರೆ ಸೋಯಾಸಾಸ್‌ಗೆಂದು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ಕಟ್ಟಿ ಹುಳಿಯಲು ಬಿಡುವ ಕಾಳಿನ ಗಟ್ಟಿ. ಕಡಿಮೆ ಬೆಂದರೆ ಹಸಿ, ಹೆಚ್ಚು ಬೆಂದರೆ ಮೇಜು; ನಡುವಿನ ಸಮಯ ಬಹಳ ಚಿಕ್ಕದು.

ಈಗ ಹೀಗೆ ಮಾಡುತ್ತೇನೆ. ಇಬ್ಬರಿಗೆ ಒಂದು ಕಪ್ ಕಾಳು, ರಾತ್ರಿಯಿಡೀ ನೆನೆ. ಸೆಖೆಗಾಲದಲ್ಲಿ ಫ್ರಿಜ್ಜಿನೊಳಗೇ ನೆನೆಹಾಕುವುದು, ಇಲ್ಲದಿದ್ದರೆ ಬೆಳಿಗ್ಗೆಗೆ ನೊರೆ ಬಂದು ಹುಳಿಯಾಗುತ್ತದೆ. ದೊಡ್ಡ ಪಾತ್ರೆಯೇ ಬೇಕು. ಹಾಲಿಗಿಂತ ಬೇಗ ಉಕ್ಕುತ್ತದೆ, ಒಲೆ ಬಿಟ್ಟು ಕದಲುವಂತಿಲ್ಲ. ಕುದಿ ಬಂದ ಮೇಲೆ ಹತ್ತು ನಿಮಿಷಕ್ಕೆ ಒಂದು ಕಾಳು ಬಾಯಿಗೆ ಹಾಕಿ ನೋಡುತ್ತೇನೆ. ಹಸಿವಾಸನೆ ಹೋಗಿರಬೇಕು, ಕಚ್ಚಿದರೆ ಶೇಂಗಾದಂಥ ಘಮ ಬರಬೇಕು, ಆದರೆ ಇನ್ನೂ ಸ್ವಲ್ಪ ಹಲ್ಲಿಗೆ ಸಿಗಬೇಕು. ನನ್ನ ಒಲೆಯಲ್ಲಿ ಅದು ಹದಿನೈದು ನಿಮಿಷದ ಹತ್ತಿರ. ತಕ್ಷಣ ತಣ್ಣೀರಿಗೆ ಹಾಕಿ ಕೈಯಲ್ಲಿ ಉಜ್ಜಿದರೆ ಸಿಪ್ಪೆ ತೇಲುತ್ತದೆ. ಎಲ್ಲ ತೆಗೆಯುವ ತಾಳ್ಮೆ ನನಗಿಲ್ಲ, ಮುಕ್ಕಾಲು ಪಾಲು ಹೋದರೆ ಸಾಕು.

ಮೂರೂವರೆ ಕಪ್ ತಣ್ಣೀರು, ಒಂದು ಚಮಚ ಹುರಿದ ಎಳ್ಳು ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬುವುದು. ಪೈನ್ ಬೀಜ ಹಾಕಿದರೆ ಇನ್ನೂ ರುಚಿ, ಆದರೆ ಅದರ ಬೆಲೆ ನೋಡಿ ಮರಳಿ ಕಪಾಟಿಗಿಟ್ಟವಳು ನಾನು. ಬಟ್ಟೆಯಲ್ಲಿ ಸೋಸುವವರಿದ್ದಾರೆ. ನಾನು ಸೋಸುವುದಿಲ್ಲ, ನಾಲಿಗೆಗೆ ತುಸು ತರಿ ಸಿಗಲಿ. ಎರಡು ಗಂಟೆ ಫ್ರಿಜ್ಜಿನಲ್ಲಿಡುತ್ತೇನೆ.

ನೂಡಲ್ಸಿಗೆ ಸೋಮ್ಯನ್ ಸಿಗುತ್ತದೆ, ನಮ್ಮ ಒತ್ತುಶ್ಯಾವಿಗೆಗಿಂತ ಸಣ್ಣ ಎಳೆ. ನೀರು ಉಕ್ಕಿ ಮೇಲೆದ್ದಾಗ ಅರ್ಧ ಲೋಟ ತಣ್ಣೀರು ಹಾಕಿ ಇಳಿಸಬೇಕು, ಹೀಗೆ ಎರಡು ಸಲ. ಆಮೇಲೆ ಬಟ್ಟೆ ಒಗೆದಂತೆ ತಣ್ಣೀರಿನಲ್ಲಿ ಉಜ್ಜಿ ತೊಳೆಯಬೇಕು. ಹಿಟ್ಟಿನ ಲೋಳೆ ಉಳಿದರೆ ಎಳೆಗಳು ಅಂಟಿಕೊಂಡು ಮುದ್ದೆಯಾಗುತ್ತವೆ. ಸುರುಳಿ ಸುತ್ತಿ ಬಟ್ಟಲಿಗಿಟ್ಟು, ಹಾಲು ಸುರಿದು, ಸೌತೆಕಾಯಿ ಎಳೆ ಎಳೆಯಾಗಿ ಹೆಚ್ಚಿ ಹಾಕಿದರೆ ಊಟಕ್ಕೆ ತಯಾರು.

ಉಪ್ಪು ಬಡಿಸಿದ ಮೇಲೆ, ಅವರವರ ಬಟ್ಟಲಿಗೆ. ಅಲ್ಲೇ ಜಗಳ. ಸಿಯೋಲ್ ಕಡೆಯವರು ಉಪ್ಪು ಎನ್ನುತ್ತಾರೆ. ದಕ್ಷಿಣದ ಜೊಲ್ಲಾ ಸೀಮೆಯವರು ಸಕ್ಕರೆ ಸುರಿಯುತ್ತಾರೆ. ಸಾರಿಗೆ ಬೆಲ್ಲ ಹಾಕುವ ಮನೆಯಿಂದ ಬಂದವಳಾದರೂ ನನಗೆ ಇದು ತಮಾಷೆಯೆನಿಸಿತ್ತು. ಹಲ್ಮೊನಿ ಜೊಲ್ಲಾದವರು. ನಾನು ಉಪ್ಪು ಹಾಕಿ ಕೊಟ್ಟ ಮೂರನೇ ಸಲದ ಬಟ್ಟಲನ್ನು ತಲೆಯಾಡಿಸುತ್ತ ರುಚಿ ನೋಡಿ, ಮಾತಿಲ್ಲದೆ ಎದ್ದುಹೋಗಿ, ಮೇಲಿನಿಂದ ಸಕ್ಕರೆ ಡಬ್ಬಿ ತಂದು ಎರಡು ದೊಡ್ಡ ಚಮಚ ಸುರಿದುಕೊಂಡರು. ಪೂರ್ತಿ ಖಾಲಿ ಮಾಡಿದರು.