ಹೇಂಟೆ ಮಂಕಾಗಿದೆಯೇ? ಔಷಧಿಗೆ ಮೊದಲು ಕೈಯಲ್ಲಿ ಹಿಡಿದು ನೋಡಿ

ಕೋಳಿ ತನ್ನ ಜಡ್ಡನ್ನು ಮುಚ್ಚಿಡುತ್ತದೆ. ಗುಂಪಿನಲ್ಲಿ ಒಂದು ಸೊರಗಿದೆ ಎಂದು ಗೊತ್ತಾದರೆ ಉಳಿದವು ಅದನ್ನೇ ಕುಕ್ಕುತ್ತವೆ. ಹಾಗಾಗಿ ಕೈಲಾಗುವವರೆಗೂ ಎಲ್ಲರ ಜೊತೆ ಕೆದರಿಕೊಂಡೇ ಇರುತ್ತದೆ. ಗರಿ ಉಬ್ಬಿಸಿ, ಕುತ್ತಿಗೆ ಒಳಗೆಳೆದು, ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಂತಿದ್ದು ನಮಗೆ ಕಾಣುವ ಹೊತ್ತಿಗೆ ಜಡ್ಡು ಶುರುವಾಗಿ ಕೆಲವು ದಿನ ಆಗಿರುತ್ತದೆ.

ಕಷ್ಟ ಏನೆಂದರೆ, ಬಿಸಿಲು ತಗುಲಿದರೂ ಕೋಳಿ ಹೀಗೇ ನಿಲ್ಲುತ್ತದೆ, ರಕ್ತ ಹೀರುವ ಉಣ್ಣೆಹುಳು ಹತ್ತಿದರೂ ಹೀಗೇ, ಮೊಟ್ಟೆ ಸಿಕ್ಕಿಕೊಂಡರೂ ಹೀಗೇ. ಕೊಕ್ಕರೆ ರೋಗ (ರಾಣಿಕೇತ್ ಎಂಬ ವೈರಸ್ ರೋಗ) ಬಂದರೂ ಮೊದಲ ದಿನ ಹೀಗೇ. ಆದರೆ ನಾವು ಮಾಡುವುದೇನು? ಅಂಗಡಿಗೆ ಹೋಗಿ 'ಕೋಳಿಗೆ ಜಡ್ಡು ಬಂದದ, ಒಂದು ಪುಡಿ ಕೊಡ್ರಿ' ಎಂದು ಕೇಳಿ, ತಂದದ್ದನ್ನು ನೀರಿಗೆ ಕಲಸಿ ಎಲ್ಲ ಕೋಳಿಗೂ ಇಡುತ್ತೇವೆ. ಅದು ಹೆಚ್ಚಾಗಿ ಆಂಟಿಬಯೋಟಿಕ್. ಉಣ್ಣೆಗೂ ಬಿಸಿಲಿಗೂ ಅದರಿಂದ ಏನೂ ಆಗುವುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಹಿತ್ತಲ ಕೋಳಿ ಮಂಕಾದಾಗ ಮೊದಲು ನೋಡಬೇಕಾದದ್ದು ಗೂಡು, ಮೇವು, ಬಿಸಿಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಬೇರೆ ಮಾಡಿ

ಜಡ್ಡಾದ ಕೋಳಿಯನ್ನು ನೆರಳಿನಲ್ಲಿ ದೊಡ್ಡ ಬುಟ್ಟಿಯಡಿ ಇಡಿ. ಗಾಳಿ ಆಡಬೇಕು, ನೀರು ಕೈಗೆಟಕುವಂತಿರಬೇಕು. ಕೆಳಗೆ ಹಳೆ ಪೇಪರ್ ಹಾಸಿ. ರೋಗ ಹರಡದಿರಲಿ ಎಂಬುದಷ್ಟೇ ಇದರ ಉದ್ದೇಶವಲ್ಲ. ಆ ಕೋಳಿ ಎಷ್ಟು ತಿಂದಿತು, ಮೊಟ್ಟೆ ಇಟ್ಟಿತೇ, ಹಿಕ್ಕೆ ಹೇಗಿದೆ ಎಂಬುದು ಗುಂಪಿನಲ್ಲಿದ್ದರೆ ಗೊತ್ತೇ ಆಗುವುದಿಲ್ಲ ಅಲ್ವಾ?

ಜವಾರಿ ಕೋಳಿಯಾದರೆ ಒಂದು ಅನುಮಾನ ಮೊದಲೇ ಬಗೆಹರಿಸಿಕೊಳ್ಳಿ. ಕಾವಿಗೆ ಕೂತ ಹೇಂಟೆಯೂ ಗರಿ ಉಬ್ಬಿಸುತ್ತದೆ, ಮೇವು ಕಡಿಮೆ ಮಾಡುತ್ತದೆ, ಜುಟ್ಟು ಬಿಳಿಚುತ್ತದೆ. ಆದರೆ ಕೈ ಹಾಕಿದರೆ ಗುರ್ ಎಂದು ಮೇಲೆ ಬೀಳುತ್ತದೆ. ಜಡ್ಡಾದ ಕೋಳಿಗೆ ಅಷ್ಟು ಸಿಟ್ಟು ಇರುವುದಿಲ್ಲ. ವರ್ಷಕ್ಕೊಮ್ಮೆ ಗರಿ ಉದುರಿ ಹೊಸದು ಬರುವಾಗಲೂ ಮೊಟ್ಟೆ ನಿಲ್ಲುತ್ತದೆ. ಅದೂ ರೋಗವಲ್ಲ.

ಕೊಕ್ಕಿನಿಂದ ಬಾಲದವರೆಗೆ

ಈಗ ಕೋಳಿಯನ್ನು ಕಂಕುಳಲ್ಲಿ ಅವುಚಿ ಹಿಡಿಯಿರಿ. ಮೊಟ್ಟೆ ಇಡುವ ಹೇಂಟೆಯ ಜುಟ್ಟು ಕೆಂಪಗಿರುತ್ತದೆ. ಬಿಳಿಚಿದ್ದರೆ ರಕ್ತ ಕಡಿಮೆಯಾಗಿರಬಹುದು. ಉಣ್ಣೆ ಅಥವಾ ಜಂತುಹುಳದ ಮೇಲೆ ಗುಮಾನಿ ಇರಲಿ. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಕಪ್ಪು ಗಂಟಿನಂಥ ಹಕ್ಕಳೆ ಇದ್ದರೆ ಅದು ಕೋಳಿ ಸಿಡುಬು. ಸೊಳ್ಳೆಯಿಂದ ಹರಡುತ್ತದೆ. ಹಕ್ಕಳೆ ಕೀಳಬೇಡಿ. ಬಾಯಿ ತೆರೆದು ಒಳಗೂ ನೋಡಿ. ಬಾಯಲ್ಲಿ ಹಳದಿ ಪೊರೆ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಕುತ್ತಿಗೆಯ ಬುಡದಲ್ಲಿ, ಕೋಳಿಯ ಬಲಗಡೆ, ಮೇವಿನ ಚೀಲ ಕೈಗೆ ಸಿಗುತ್ತದೆ. ಇದನ್ನು ಬೆಳಿಗ್ಗೆ ಮೇವು ಹಾಕುವ ಮೊದಲು ಮುಟ್ಟಿ ನೋಡಬೇಕು. ಆರೋಗ್ಯದ ಕೋಳಿಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಅದು ಬರಿದಾಗಿರುತ್ತದೆ. ಆಗಲೂ ಗಟ್ಟಿಯಾಗಿದ್ದರೆ ಹುಲ್ಲು, ದಾರ, ಪ್ಲಾಸ್ಟಿಕ್ ಏನೋ ಸಿಕ್ಕಿಕೊಂಡಿದೆ. ಮೆತ್ತಗಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗಿನ ಮೇವು ಹುಳಿತಿದೆ. ತಲೆಕೆಳಗು ಮಾಡಿ ಹಿಂಡುವವರಿದ್ದಾರೆ. ದಯವಿಟ್ಟು ಬೇಡ, ನೀರು ಶ್ವಾಸನಾಳಕ್ಕೆ ಹೋಗಿ ಕೋಳಿ ಅಲ್ಲೇ ಸಾಯಬಹುದು.

ಎದೆಮೂಳೆಯ ಮೇಲೆ ಬೆರಳು ಆಡಿಸಿ. ಎರಡೂ ಬದಿ ಮಾಂಸವಿಲ್ಲದೆ ಮೂಳೆ ಚೂಪಾಗಿ ಕೈಗೆ ಚುಚ್ಚಿದರೆ ಜಡ್ಡು ಇವತ್ತಿನದಲ್ಲ, ವಾರಗಳದ್ದು.

ಕೊನೆಗೆ ಹಿಂಭಾಗ. ಕೋಳಿ ಬಾಲ ಇಳಿಸಿ ನೆಟ್ಟಗೆ ನಿಂತು ತಿಣುಕುತ್ತಿದ್ದರೆ, ಹೊಟ್ಟೆಯ ಕೆಳಗೆ ಗಟ್ಟಿಯಾಗಿ ಮೊಟ್ಟೆ ಕೈಗೆ ಸಿಕ್ಕರೆ, ಅದು ಹೊರಬರಲಾಗದೆ ನಿಂತಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಹಿಂಭಾಗ ಮುಳುಗುವಂತೆ 15ರಿಂದ 20 ನಿಮಿಷ ಕೂರಿಸಿ. ಒರೆಸಿ, ಗುದದ್ವಾರದ ಸುತ್ತ ಸ್ವಲ್ಪ ಎಣ್ಣೆ ಹಚ್ಚಿ ಕತ್ತಲೆಯ ಜಾಗದಲ್ಲಿ ಬಿಡಿ. ಹೊಟ್ಟೆ ಒತ್ತಬೇಡಿ. ಮೊಟ್ಟೆ ಒಳಗೇ ಒಡೆದರೆ ಕೋಳಿ ಉಳಿಯುವುದು ಕಷ್ಟ. ಕೆಲವು ಗಂಟೆಯಲ್ಲಿ ಹೊರಬರದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ.

ಪೇಪರ್ ಮೇಲಿನ ಹಿಕ್ಕೆ

ಕಂದು ಬಣ್ಣ, ಮೇಲೊಂದಿಷ್ಟು ಬಿಳಿ ಇದ್ದರೆ ಸರಿಯಾಗಿದೆ. ನಡುನಡುವೆ ಕಪ್ಪು ಕಂದಿನ ಅಂಟು ಹಿಕ್ಕೆ ಗಬ್ಬು ನಾರುತ್ತದೆ, ಅದೂ ಸಹಜ. ರಕ್ತ ಕಂಡರೆ ರಕ್ತಭೇದಿ ಇರಬಹುದು, ಮರಿಗಳಲ್ಲಿ ಇದು ಜಾಸ್ತಿ. ಹಸಿರು ನೀರಿನಂತಿದ್ದರೆ ಎಚ್ಚರ. ಮೇವು ಬಿಟ್ಟ ಕೋಳಿಯೂ ಹಸಿರು ಹಾಕುತ್ತದೆ, ಕೊಕ್ಕರೆ ರೋಗದಲ್ಲೂ ಹಸಿರೇ.

ಬಿಸಿಲು, ನುಚ್ಚು, ಬೀಜ

ಕೋಳಿಯ ಮೈ ಶಾಖ ಸುಮಾರು 41 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಹವೆಯೇ 40 ದಾಟುತ್ತದೆ. ಕೋಳಿಗೆ ಬೆವರಲು ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದೇ ಮುಖ್ಯ ದಾರಿ. ತಗಡಿನ ಗೂಡಿನೊಳಗೆ ಆ ದಾರಿಯೂ ಮುಚ್ಚುತ್ತದೆ. ರೆಕ್ಕೆ ಅಗಲಿಸಿ ಏದುಸಿರು ಬಿಡುವ ಕೋಳಿಯ ಕಾಲನ್ನು ತಣ್ಣೀರಿನಲ್ಲಿ ಇಡಿ, ಓಆರ್‌ಎಸ್ ಕಲಸಿದ ನೀರು ಕುಡಿಯಲು ಇಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ. ಬೇಸಿಗೆಯಲ್ಲಿ ಮೇವು ನಸುಕಿನಲ್ಲಿ ಮತ್ತು ಸಂಜೆ ಹಾಕಿ. ತಗಡಿನ ಮೇಲೆ ಭತ್ತದ ಹುಲ್ಲು ಹೊದಿಸಿ.

ಗಂಗಾವತಿ, ಸಿಂಧನೂರು ಸುತ್ತ ರೈಸ್ ಮಿಲ್‌ಗಳಿರುವುದರಿಂದ ನುಚ್ಚು ಸುಲಭಕ್ಕೆ ಸಿಗುತ್ತದೆ. ದಿನಾ ಬರೀ ನುಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ನುಚ್ಚಿನಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೋಳಿ ತನ್ನ ಮೂಳೆಯಿಂದಲೇ ತೆಗೆದುಕೊಡುತ್ತದೆ. ಆಮೇಲೆ ತೆಳು ಚಿಪ್ಪಿನ ಮೊಟ್ಟೆ, ಕಾಲಲ್ಲಿ ಬಲವಿಲ್ಲದೆ ಕುಸಿಯುವುದು, ಮೊಟ್ಟೆ ಸಿಕ್ಕಿಕೊಳ್ಳುವುದು ಎಲ್ಲ ಶುರು. ಕಪ್ಪೆಚಿಪ್ಪಿನ ಪುಡಿಯನ್ನೋ, ಒಣಗಿಸಿ ಕುಟ್ಟಿದ ಮೊಟ್ಟೆ ಚಿಪ್ಪನ್ನೋ ಬೇರೆ ಬಟ್ಟಲಲ್ಲಿ ಇಡಿ. ಎಲೆಗೆ ಹಚ್ಚುವ ಸುಣ್ಣ ಕೊಡಬೇಡಿ, ಅದು ಸುಡುತ್ತದೆ. ಜೋಳ, ಸಜ್ಜೆ, ಸ್ವಲ್ಪ ಶೇಂಗಾ ಹಿಂಡಿ ಸೇರಿಸಿ. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಎಸೆದುಬಿಡಿ, ಅದು ಕೋಳಿಯ ಲಿವರ್ ಕೆಡಿಸುತ್ತದೆ.

ಬಿತ್ತನೆ ದಿನಗಳಲ್ಲಿ ಇನ್ನೊಂದು ಅಪಾಯ. ಬಣ್ಣ ಹಚ್ಚಿದ ಬೀಜಕ್ಕೆ ವಿಷ ಸವರಿರುತ್ತದೆ. ಹೊಲದಿಂದ ಬಂದ ಕೋಳಿ ಜೊಲ್ಲು ಸುರಿಸಿ, ಕಾಲು ಸೋತು ನಡುಗಿದರೆ ವಿಷದ ಅನುಮಾನ ಪಡಿ. ಹತ್ತಿ, ಭತ್ತಕ್ಕೆ ಎಣ್ಣೆ (ಕೀಟನಾಶಕ) ಹೊಡೆದ ದಿನವೂ ಕೋಳಿ ಹೊರಗೆ ಬಿಡಬೇಡಿ.

ರಾತ್ರಿ ಬ್ಯಾಟರಿ ಹಿಡಿದು ಗೂಡಿಗೆ ಹೋಗಿ

ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಲೇಬೇಕು. ಕೋಳಿ ಉಣ್ಣೆ ಹಗಲು ಮೈಮೇಲೆ ಸಿಗುವುದು ಅಪರೂಪ. ಕಲ್ಲಿನ ಸಂದಿ, ಮಣ್ಣಿನ ಗೋಡೆಯ ಬಿರುಕು, ಜಾಲಿ ಕಟ್ಟಿಗೆಯ ತೊಗಟೆಯಲ್ಲಿ ಅಡಗಿರುತ್ತದೆ. ರಾತ್ರಿ ಹೊರಬಂದು ರಕ್ತ ಹೀರಿ ಬೆಳಗಾಗುವ ಮೊದಲು ಮತ್ತೆ ಸಂದಿಗೆ ಸೇರುತ್ತದೆ. ಒಣ ಸೀಮೆಯ ಹುಳು ಇದು, ನಮ್ಮ ಊರುಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ರೆಕ್ಕೆಯಡಿ ಸಣ್ಣ ಸಣ್ಣ ಮರಿ ಉಣ್ಣೆಗಳು ಮಾತ್ರ ಕೆಲವು ದಿನ ಕಚ್ಚಿಕೊಂಡಿರುತ್ತವೆ. ರಕ್ತ ಹೀರುವುದರ ಜೊತೆಗೆ ಜ್ವರದ ರೋಗವನ್ನೂ ಅಂಟಿಸುತ್ತವೆ.

ಗೂಡು ಖಾಲಿ ಬಿಟ್ಟರೆ ಸಾಯುತ್ತವೆ ಎಂದುಕೊಳ್ಳಬೇಡಿ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿ, ಕೂರುವ ಕಟ್ಟಿಗೆಯ ಬದಲು ನುಣುಪಾದ ಕೋಲು ಹಾಕಿ. ಗೂಡಿಗೆ ಯಾವ ಔಷಧಿ, ಎಷ್ಟು ಹೊಡೆಯಬೇಕು ಎಂದು ಡಾಕ್ಟರನ್ನು ಕೇಳಿ. ಹೊಲದ ಎಣ್ಣೆ ತಂದು ಹೊಡೆಯಬೇಡಿ. ಕೊಟ್ಟ ಔಷಧಿ ಯಾವುದೇ ಇರಲಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಕಾಯಬಾರದ ಹೊತ್ತು

ಒಂದೇ ಸಲ ಎರಡು ಮೂರು ಕೋಳಿ ಬಿದ್ದರೆ, ಗೊರಗೊರ ಉಸಿರಾಟದ ಜೊತೆ ಕುತ್ತಿಗೆ ತಿರುಚಿದರೆ, ಕಾಲು ರೆಕ್ಕೆ ಸೋತರೆ ಕೊಕ್ಕರೆ ರೋಗ ಎಂದೇ ತಿಳಿಯಿರಿ. ಮುಖ ಊದಿ ಜುಟ್ಟು ನೀಲಿಯಾಗಿ ಪಟಪಟ ಸಾಯುತ್ತಿದ್ದರೆ ಹಕ್ಕಿಜ್ವರವೂ ಇರಬಹುದು. 2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಅದು ಕಾಣಿಸಿಕೊಂಡಿತ್ತು. ಕೂಡಲೇ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ಕಾಲುವೆಗೆ ಎಸೆಯಬೇಡಿ. ಕೆಳಗಿನ ಊರಿನವರು ಅದೇ ನೀರು ಬಳಸುತ್ತಾರೆ. ಡಾಕ್ಟರ್ ಹೇಳಿದ ಮೇಲೆ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಉಳಿದ ಕೋಳಿಗಳನ್ನು ಸಂತೆಗೆ ಒಯ್ಯಬೇಡಿ.

ಕೊಕ್ಕರೆ ರೋಗಕ್ಕೆ ಚಿಕಿತ್ಸೆ ಇಲ್ಲ, ಲಸಿಕೆ ಇದೆ. ಮರಿಗೆ 5ರಿಂದ 7 ದಿನದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ಸುಮಾರು 8 ವಾರಕ್ಕೆ ಆರ್2ಬಿ ಇಂಜೆಕ್ಷನ್. ಸಾಮಾನ್ಯವಾಗಿ ಒಂದು ಬಾಟಲಿಯಲ್ಲಿ 100 ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಆದ್ದರಿಂದ ಓಣಿಯವರೆಲ್ಲ ಮಾತಾಡಿಕೊಂಡು, ಒಂದೇ ದಿನ, ಬಿಸಿಲೇರುವ ಮೊದಲು ಹಾಕಿಸಿ. ಲಸಿಕೆ ತರುವಾಗ ಐಸ್ ಇಟ್ಟ ಫ್ಲಾಸ್ಕ್ ಮರೆಯಬೇಡಿ.