ಟ್ರೆಂಡಿನ ಬೆನ್ನು ಹತ್ತದೆ ನಿಮ್ಮದೇ ಉಡುಪಿನ ಶೈಲಿ

ಮೊದಲು ಬೀರುವಿನಲ್ಲಿರುವುದನ್ನೆಲ್ಲ ಮಂಚದ ಮೇಲೆ ಹರವಿ. ಕಳೆದ 2 ತಿಂಗಳಲ್ಲಿ ಮೂರು ಸಲವಾದರೂ ಹಾಕಿಕೊಂಡದ್ದನ್ನು ಬೇರೆ ಇಡಿ. ಆ ರಾಶಿಯಲ್ಲಿ ಯಾವ ಬಣ್ಣ, ಯಾವ ಕಾಲರ್, ಎಷ್ಟುದ್ದದ ತೋಳು ಮತ್ತೆ ಮತ್ತೆ ಕಾಣುತ್ತದೆ ಎಂದು ಬರೆದುಕೊಳ್ಳಿ. ನಿಮ್ಮ ಶೈಲಿ ಅಲ್ಲೇ ಇದೆ, ಇನ್‌ಸ್ಟಾಗ್ರಾಂನಲ್ಲಿ ಹುಡುಕಬೇಕಿಲ್ಲ.

ಉಡುಪಿನ ಅಳತೆ ಕೆಡುವುದು ಹೆಚ್ಚಾಗಿ ಭುಜದಲ್ಲಿ. ಶರ್ಟು, ಕುರ್ತಾಗಳಲ್ಲಿ ತೋಳು ಸೇರುವ ಹೊಲಿಗೆ ಭುಜದ ಮೂಳೆಯ ತುದಿಗೆ ಬರಬೇಕು. ಸೊಂಟ, ಉದ್ದವನ್ನು ಟೈಲರ್ ಸುಲಭವಾಗಿ ಸರಿಮಾಡುತ್ತಾರೆ. ಭುಜಕ್ಕಾದರೆ ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು. ಹಾಗಾಗಿ ಭುಜ ಕೂರದ ಬಟ್ಟೆಯನ್ನು, ಎಷ್ಟೇ ರಿಯಾಯಿತಿ ಇರಲಿ, ಬಿಟ್ಟು ಬನ್ನಿ.

ಹೊಲಿಸುವುದು ಇನ್ನೂ ಒಳ್ಳೆಯದು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹತ್ತಿ ಬಟ್ಟೆ ಕೊಂಡರೆ, 44 ಇಂಚು ಅಗಲದ್ದು ಮೊಣಕಾಲುದ್ದದ ಕುರ್ತಾಗೆ ಸುಮಾರು 2.5 ಮೀಟರ್ ಬೇಕು. ಟೈಲರ್‌ಗೆ ಕೊಡುವ ಮುನ್ನ ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ತೋಳು ಗಿಡ್ಡವಾಗುತ್ತದೆ. ಅಳತೆಗೆ ನಿಮಗೆ ಚೆನ್ನಾಗಿ ಕೂರುವ ಹಳೆಯ ಕುರ್ತಾವನ್ನೇ ಕೊಡಿ.

ಬೆಂಗಳೂರಿನ ಹವೆಗೆ ದಪ್ಪ ಜಾಕೆಟ್ ಬೇಡ. ಡಿಸೆಂಬರ್ ಬೆಳಗಿನ ಚಳಿಗೆ ತೆಳು ಸ್ವೆಟರ್ ಸಾಕು, ಮಧ್ಯಾಹ್ನ ತೆಗೆದಿಡಬಹುದು. ಮಳೆಗಾಲದಲ್ಲಿ ನೆಲ ಒರೆಸುವ ಉದ್ದದ ಪ್ಯಾಂಟ್ ಕೆಸರಾಗುತ್ತದೆ, ಕಣಕಾಲಿನ ಮೇಲಕ್ಕೆ ನಿಲ್ಲುವಂತೆ ಹೊಲಿಸಿ.

ಕಣ್ಸೆಳೆಯುವಂಥದ್ದು ಒಂದೇ ಇರಲಿ: ಸಾದಾ ಸೀರೆಗೆ ಗುಳೇದಗುಡ್ಡದ ಖಣದ ರವಿಕೆ ಸೊಗಸು. ಹೊಸದನ್ನು ಕೊಳ್ಳುವಾಗ ಮನೆಯಲ್ಲಿರುವ ಮೂರು ಬಟ್ಟೆಗಳಿಗಾದರೂ ಅದು ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಒಂದು ವಾರ ಬಿಟ್ಟು ಯೋಚಿಸಿ.